ಕಾವಲುಗಲ್ಲಿನ ಅಂಗೈ

ಬೆಟ್ಟ ಹತ್ತಿದ ಅಣ್ಣ ಮೂರನೆಯ ದಿನವೂ ಇಳಿದು ಬರಲಿಲ್ಲ. ದ್ವೀಪದ ಬಾವಿಗಳೆಲ್ಲ ಉಪ್ಪಾಗಿದ್ದವು. ಮೇಲೆಲ್ಲೋ ಸಿಹಿನೀರಿನ ಸೆಲೆ ಇದೆಯೆಂದು ಹುಡುಕಲು ಹೋಗಿದ್ದ. ಹಾಯಿ ಹೊಲಿಯುವ ತಂಗಿ ಸೂಜಿ ಕೆಳಗಿಟ್ಟು ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದಳು.

"ಅಣ್ಣನ್ನ ಕರ್ಕೊಂಡೇ ಬರ್ತೀನಮ್ಮಾ."

ಅಮ್ಮ ತಾನು ಹೊಲಿಯುತ್ತಿದ್ದ ಹಾಯಿಯಿಂದ ತಲೆ ಎತ್ತಲಿಲ್ಲ. "ನಿಮ್ಮಪ್ಪಾನೂ ನೀರು ತರ್ತೀನಿ ಅಂತಾನೇ ಹೋಗಿದ್ದು."

ಆ ಪವಿತ್ರ ಬೆಟ್ಟಕ್ಕೆ ಮಂತ್ರ ಹಾಕಿ ನಿಲ್ಲಿಸಿದ ವಿಗ್ರಹವೊಂದು ಕಾವಲಿತ್ತು. ಅದರ ಮುಖ ನೋಡಿದವರನ್ನು ಬೆಟ್ಟ ನುಂಗುತ್ತದಂತೆ. ಅದಕ್ಕೇ ಕೊನೆಯ ತಿರುವಿನಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಂಡೆ ತಡವುತ್ತ ದಾಟಬೇಕು. ಆ ಮುಖ ಕಂಡವರು ಊರಿನಲ್ಲಿ ಒಬ್ಬರೂ ಇಲ್ಲ, ಬಣ್ಣಿಸದವರೂ ಇಲ್ಲ! ಅಪ್ಪ ಮರಳದೇ ಹೋದಾಗ, ಆಸೆ ತಡೆಯಲಾರದೆ ನೋಡಿಬಿಟ್ಟ ಎಂದು ಊರು ತೀರ್ಪು ಕೊಟ್ಟಿತು. ನೀರು ಇನ್ನಷ್ಟು ಉಪ್ಪಾದದ್ದನ್ನೂ ಅವನ ತಲೆಗೇ ಕಟ್ಟಿತು. ಅಂದಿನಿಂದ ಅಮ್ಮ ಬಾವಿಕಟ್ಟೆಗೆ ಹೋಗುವುದು ಎಲ್ಲರೂ ಹೋದ ಮೇಲೆಯೇ.

ತಂಗಿಯ ಜೊತೆ ಹೊರಟವರು ಇಬ್ಬರು: ದೋಣಿ ನಡೆಸುವ ಸೋದರಮಾವ, ಔಷಧದ ಪೆಟ್ಟಿಗೆ ಹೊತ್ತ ಕಾಂಪೌಂಡರ್. ಮಿಕ್ಕವರಿಗೆಲ್ಲ ಅವತ್ತೇ ಕೈತುಂಬ ಕೆಲಸ ಬಂದಿತ್ತು.

ಕಪ್ಪು ಬಂಡೆಗಳ ನಡುವೆ ದಾರಿ ಬಳಸಿ ಬಳಸಿ ಏರುತ್ತಿತ್ತು. ಗಾಳಿಗೆ ಬಗ್ಗಿದ ಕುಳ್ಳ ಮರಗಳು, ಕಾಲಿಟ್ಟಲ್ಲೆಲ್ಲ ಜಾರುವ ಪಾಚಿ. ಹಕ್ಕಿಯ ದನಿಯೂ ಇಲ್ಲ. ಕೆಳಗೆ ಸಮುದ್ರ ಮಂಜಿನಲ್ಲಿ ಮುಚ್ಚಿಹೋಗಿ, ಅದರ ಮೊರೆತ ಮಾತ್ರ ಮೇಲಕ್ಕೆ ಬರುತ್ತಿತ್ತು. ಮಧ್ಯಾಹ್ನವೇ ಸಂಜೆಯಂತಿತ್ತು.

"ನನ್ನ ಮಂಡಿಗೇ ಔಷಧಿ ಬೇಕಾಗತ್ತೆ," ಎಂದ ಕಾಂಪೌಂಡರ್ ಏದುಸಿರು ಬಿಡುತ್ತ.

ಕೊನೆಯ ತಿರುವಿನಲ್ಲಿ ಮಾವ ಅವಳ ಸೊಂಟಕ್ಕೆ ಹಗ್ಗ ಬಿಗಿದ. "ಕಣ್ಣಿಗೆ ಕಟ್ಕೊಳ್ಳಮ್ಮಾ. ಒಬ್ಬನ್ನ ಕಳ್ಕೊಂಡಿರೋದು ಸಾಕು."

ಅವಳು ಕಟ್ಟಿಕೊಂಡಳು. ಬಂಡೆ ತಡವಿದಳು. ಒಂದು ಹೆಜ್ಜೆ. ಇನ್ನೊಂದು.

ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ.

"ಮಾವಾ!"

ಹಗ್ಗ ಬಿಗಿಯಿತು. ಮೊಣಕೈ ಬಂಡೆಗೆ ಅಪ್ಪಳಿಸಿತು. ತೂಗಾಡುತ್ತಲೇ ಬಟ್ಟೆ ಕಿತ್ತೆಸೆದಳು. ಕಾಲಡಿ ಕತ್ತಲೆಯ ಕಮರಿ ಬಾಯಿ ತೆರೆದಿತ್ತು.

ಆ ಕತ್ತಲೆಯೊಳಗಿಂದ ಕ್ಷೀಣ ದನಿ ಬಂತು: "ಯಾರದು?"

"ಅಣ್ಣಾ! ಮಾವ, ಹಗ್ಗ ಬಿಡಿ, ನಿಧಾನ!"

ಕೆಳಗಿನ ಕಲ್ಲುಹಾಸಿನ ಮೇಲೆ ಅಣ್ಣ ಕಾಲು ಮುರಿದುಕೊಂಡು ಬಿದ್ದಿದ್ದ. ಪಕ್ಕದಲ್ಲೇ ಬಂಡೆಯ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದೇ ಅವನ ಜೀವ ಉಳಿಸಿತ್ತು.

"ಸಿಹಿನೀರು ಕಣೇ," ಎಂದ. ಆಮೇಲೆ ದನಿ ತಗ್ಗಿಸಿದ. "ಆ ಮೂಲೆ ನೋಡು. ಇನ್ನೊಬ್ಬರಿದ್ದಾರೆ."

ಮೂಲೆಯಲ್ಲಿ ಮೂಳೆಗಳಿದ್ದವು. ತಲೆಬುರುಡೆಯ ಕಣ್ಣುಗುಳಿಗಳ ಮೇಲೆ, ಮೇಣ ಹಚ್ಚಿದ ಹಾಯಿಬಟ್ಟೆ ಇನ್ನೂ ಬಿಗಿಯಾಗಿತ್ತು. ಅಂಚಿಗೆ ಎರಡೆಳೆಯ ಹೊಲಿಗೆ, ಕೊನೆಯ ಗಂಟು ಮಡಿಕೆಯೊಳಗೆ. ಊರಿನಲ್ಲಿ ಹಾಗೆ ಹೊಲಿಯುವವಳು ಒಬ್ಬಳೇ. ತಂಗಿಗೆ ಕಲಿಸಿದವಳೂ ಅವಳೇ.

ಅಪ್ಪ ನೋಡಿರಲಿಲ್ಲ. ಊರಿನ ಕಟ್ಟಳೆಯಂತೆ ಕಣ್ಣು ಕಟ್ಟಿಕೊಂಡೇ ಸತ್ತಿದ್ದ. ಅವಳಿಗೆ ಅಳು ಬರುವ ಮೊದಲು ಸಿಟ್ಟು ಬಂತು. ಹಿಂದೆಲೆಯಲ್ಲಿ ಕಟ್ಟಿದ್ದ ಗಂಟು ಬಿಚ್ಚದೆ ಬಟ್ಟೆಯನ್ನು ಮೆಲ್ಲಗೆ ಜಾರಿಸಿ ತೆಗೆದು, ಮಡಿಲಲ್ಲಿಟ್ಟುಕೊಂಡಳು.

ಅಣ್ಣನನ್ನೂ ಅವಳನ್ನೂ ಮೇಲೆಳೆಯುವಷ್ಟರಲ್ಲಿ ಮಾವನ ಅಂಗೈ ಸುಲಿದು ರಕ್ತವಾಗಿತ್ತು. ಕಾಂಪೌಂಡರ್ ಗೊಣಗದೆ ಕಾಲಿಗೆ ಪಟ್ಟಿ ಕಟ್ಟಿದ. ಆಗ ಅವಳು ತಿರುಗಿ ವಿಗ್ರಹವನ್ನು ನೇರವಾಗಿ ನೋಡಿದಳು.

ಅದಕ್ಕೆ ಮುಖವೇ ಇರಲಿಲ್ಲ. ಮಳೆ ಗಾಳಿಗೆ ಕಣ್ಣು ಮೂಗೆಲ್ಲ ಸವೆದುಹೋಗಿದ್ದವು. ಕಮರಿಯ ಅಂಚಿನಲ್ಲೇ ನಿಂತು, ಬರುವವರಿಗೆ ಎದುರಾಗಿ ಅಂಗೈ ಚಾಚಿತ್ತು, ನಿಲ್ಲಿ ಎಂದು. ದಾರಿ ಪಕ್ಕಕ್ಕೆ ತಿರುಗಿ ಸುರಕ್ಷಿತವಾಗಿ ಮೇಲಕ್ಕೆ ಹೋಗುತ್ತಿತ್ತು.

"ಅಯ್ಯೋ, ಪಾಪ," ಎಂದ ಮಾವ. ಯಾರಿಗೆಂದು ಹೇಳಲಿಲ್ಲ.

ಮರುದಿನ ಸಂಜೆ ಅಣ್ಣನನ್ನು ಹೊತ್ತು ಮನೆ ಮುಟ್ಟಿದರು. ಅಮ್ಮ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ತಂಗಿ ಆ ಬಟ್ಟೆ ಕೊಟ್ಟಳು. ಅಮ್ಮನ ಬೆರಳು ಅಂಚಿನ ಹೊಲಿಗೆಗುಂಟ ಹೋಗಿ, ಅಪ್ಪ ಕಟ್ಟಿಕೊಂಡಿದ್ದ ಗಂಟಿನ ಮೇಲೆ ನಿಂತಿತು.

"ಬಿಚ್ಚಿರ್ಲಿಲ್ವಾ?"

"ಇಲ್ಲಮ್ಮ. ಹಾಗೇ ಇತ್ತು."

ಹೊರಗೆ ಬಾವಿಕಟ್ಟೆಯ ಸುತ್ತ ಊರೇ ನೆರೆದಿತ್ತು. ಅಮ್ಮ ಕಣ್ಣೊರೆಸಿಕೊಂಡು, ಕೊಡ ಎತ್ತಿ ಸೊಂಟಕ್ಕಿಟ್ಟು ಹೊರಟಳು.