ಅಳಿಸಿದ ಕನ್ನಡ ಫೈಲು

ಗಡಿಯಾಚೆಯ ಕಬನೂರಿನ ಮಗ್ಗದ ಶೆಡ್ಡಿನಲ್ಲಿ, ಮಗ್ಗಗಳ ಪರದೆಗೆ ಸೂಚನೆ ಕಳಿಸುವ ವೆಬ್ ಪ್ರೋಗ್ರಾಮ್ ನೋಡಿಕೊಳ್ಳುವವನು ನಾನು. ಮಗ್ಗದೊಳಗೆ ರಿಪೇರಿ ಮಾಡುವ ಫಿಟ್ಟರನ ಕೈ ಇದ್ದರೆ ಅದು ಮರಾಠಿ, ಕನ್ನಡ ಎರಡರಲ್ಲೂ ಎಚ್ಚರಿಸಬೇಕು. ಹೋದ ತಿಂಗಳು ಕನ್ನಡ ಅನುವಾದದಲ್ಲಿ ಎರರ್ ಬಂದು ಪ್ರೋಗ್ರಾಮ್ ಶುರುವಾಗಲಿಲ್ಲ. ಸಿಟ್ಟಿನಲ್ಲಿ ಕನ್ನಡದ ಫೈಲನ್ನೇ ಅಳಿಸಿ ಚಾಲೂ ಮಾಡಿದೆ. ಅದೇ ಮಧ್ಯಾಹ್ನ, ಕನ್ನಡ ಮಾತ್ರ ಓದಬಲ್ಲ ಕೆಲಸಗಾರ ಅವಿನಾಶ ಮರಾಠಿಯ ಎಚ್ಚರಿಕೆ ತಿಳಿಯದೆ ಸ್ವಿಚ್ ಹಾಕಿದ. ಒಳಗೆ ಕೈಯಿಟ್ಟಿದ್ದ ಫಿಟ್ಟರ್ ಹಣಮಪ್ಪ ಸತ್ತ.

ನಿನ್ನೆ ಮುಂಜಾನೆ ಆ ಮಗ್ಗವನ್ನು ಮತ್ತೆ ಓಡಿಸುವವರಿದ್ದೆವು. ಪರದೆಯ ಮೇಲೆ ಕನ್ನಡ ಮೂಡಿತು: "ಒಳಗ ಕೈ ಐತಿ, ಸ್ವಿಚ್ ಹಾಕಬ್ಯಾಡ್ರಿ."

"ಫೈಲ್ ಮತ್ತ ಹಾಕೀರೇನ್ರಿ?" ಅವಿನಾಶ ಕೇಳಿದ.

"ಇಲ್ಲೋ."

"ಹಂಗಾರ ಚಾಲೂ ಮಾಡ್ಲೇನ್ರಿ?"

"ಮುಟ್ಟಿದ್ರ ಕಪಾಳಕ್ಕ ಬಾರಸ್ತೀನಿ," ಎಂದೆ.

ಮಗ್ಗದೊಳಗೆ ಕೈಯಾಡಿಸಿ ನೋಡಿದೆ. ಯಾರೂ ಇರಲಿಲ್ಲ. ತಿಂಗಳಿಂದ ನಿಂತಿದ್ದ ಕಬ್ಬಿಣ ಮಾತ್ರ ಮನುಷ್ಯನ ಮೈಯಷ್ಟು ಬೆಚ್ಚಗಿತ್ತು.