ಅಲುಗದ ಬೋಲ್ಟು

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಎಡ್ಗರ್ ಹಾಬ್ಸನ್ ಠಾಣೆಗೆ ಬಂದು, ತನ್ನ ರೈಫಲ್ ಕಳುವಾಗಿದೆಯೆಂದು ದೂರು ಕೊಟ್ಟ. ಯಾರ್ಕ್‌ಶೈರಿನ ಆ ಸಣ್ಣ ಪೇಟೆಯಲ್ಲಿ ಬಂದೂಕು ಕಳುವಾಗುವುದೆಂದರೆ ಹುಡುಗಾಟವಲ್ಲ. ಇನ್‌ಸ್ಪೆಕ್ಟರ್ ಆಪಲ್‌ಗಾರ್ತ್ ಚಹಾ ಅರ್ಧಕ್ಕೇ ಬಿಟ್ಟು, ಕಾನ್‌ಸ್ಟೆಬಲ್ ಟೆಸ್‌ಳೊಂದಿಗೆ ಅವನ ಮನೆಗೆ ಹೊರಟ.

ಗೋಡೆಯ ಮೇಲೆ ಮಹಾಯುದ್ಧದ ಕಾಲದ ಆರು ರೈಫಲ್‌ಗಳು ಸಾಲಾಗಿದ್ದವು. ಒಂದು ಮೊಳೆಯೂ ಖಾಲಿ ಇರಲಿಲ್ಲ.

"ಎಲ್ಲಾ ಇದೆಯಲ್ರೀ. ಹೋಗಿದ್ದು ಯಾವುದು?"

"ಮೂರನೇದು."

"ಅಲ್ಲೇ ನೇತಾಡ್ತಿದೆಯಲ್ಲ!"

"ಅದು ನಂದಲ್ಲ ಸಾಹೇಬ್ರೇ, ಬೆಳಿಗ್ಗೆ ಧೂಳು ಒರೆಸೋವಾಗ ಗೊತ್ತಾಯ್ತು. ಬೋಲ್ಟು ಎಳೆದು ನೋಡಿ."

ಆಪಲ್‌ಗಾರ್ತ್ ಎಳೆದ. ಗುಂಡು ತುಂಬಲು ಹಿಂದಕ್ಕೆಳೆಯುವ ಆ ಬೋಲ್ಟು ಅಲುಗಲಿಲ್ಲ, ವೆಲ್ಡ್ ಮಾಡಿಬಿಟ್ಟಿದ್ದರು.

"ನಂದು ಸರಾಗ ಹಿಂದೆ ಬರ್ತಿತ್ತು. ಪ್ರತಿ ಭಾನುವಾರ ಎಣ್ಣೆ ಹಾಕೋನು ನಾನು, ನಂಗೊತ್ತಾಗಲ್ವಾ?"

ಆರರಲ್ಲಿ ಯಾವುದೂ ಗುಂಡು ಹಾರಿಸುವಂಥದ್ದಲ್ಲ. ನಳಿಗೆಗಳನ್ನು ಎಂದೋ ಮುಚ್ಚಿದ್ದರು. ಲೈಸೆನ್ಸಿಲ್ಲದೆ ಮನೆಯಲ್ಲಿಡಲು ಹಿಂದೆ ಅಷ್ಟೇ ಸಾಕಿತ್ತು. ಆಮೇಲೆ ಬಂದ ಕಾನೂನು ಬೋಲ್ಟನ್ನೂ ವೆಲ್ಡ್ ಮಾಡಿಸಬೇಕೆಂದಿತು. ಬೋಲ್ಟು ಅಲುಗುವ ಹಳೇ ಬಗೆಯದನ್ನು ಇಟ್ಟುಕೊಳ್ಳಬಹುದು. ಹಾಗೇ ಮಾರುವಂತಿಲ್ಲ, ಎರವಲೂ ಕೊಡುವಂತಿಲ್ಲ.

ಆಪಲ್‌ಗಾರ್ತ್‌ಗೆ ತಲೆಬುಡ ತಿಳಿಯಲಿಲ್ಲ. ಬೀಗ ಮುರಿದಿಲ್ಲ, ಕಿಟಕಿ ಒಡೆದಿಲ್ಲ. ಒಂದು ಸತ್ತ ಬಂದೂಕು ಒಯ್ದು ಇನ್ನೊಂದು ಸತ್ತ ಬಂದೂಕು ಇಟ್ಟು ಹೋಗುವ ಕಳ್ಳ ಯಾರು?

"ಇವ್ರೇ ಕದ್ದುಮುಚ್ಚಿ ಮಾರಿ, ಈಗ ದೂರು ಕೊಟ್ಟು ಜಾರ್ಕೊಳ್ತಿರಬಹುದು ಸರ್," ಎಂದು ಟೆಸ್ ಪಿಸುಗುಟ್ಟಿದಳು.

ಎಡ್ಗರನ ಕಿವಿ ಚುರುಕಾಗಿತ್ತು. "ಹಂಗಾದ್ರೆ ಇವನ್ನೆಲ್ಲಾ ಜಪ್ತಿ ಮಾಡ್ತೀರಾ? ನಲವತ್ತು ವರ್ಷ ಕೂಡಿಸಿದ್ದು ಕಣಮ್ಮಾ."

"ಮೂರನೇದನ್ನ ಯಾರಾದ್ರೂ ಕೇಳಿದ್ರಾ?" ಎಂದ ಇನ್‌ಸ್ಪೆಕ್ಟರ್.

"ಕೇಳದೇ ಇದ್ದೋರು ಯಾರು? ಖಾಕಿ ತೊಟ್ಟು ಹಳೇ ಯುದ್ಧದ ಆಟ ಕಟ್ತಾರಲ್ಲ, ಆ ತಂಡದವರೆಲ್ಲ ಮನೆಗೆ ಬರ್ತಾರೆ, ಪೈ ತಿಂತಾರೆ, ಕೇಳ್ತಾರೆ. ಆಗಲ್ಲ ಅಂತೀನಿ, ಹೋಗ್ತಾರೆ."

ಮಹಜರು ಮುಗಿಯಿತು. ಮುದುಕನ ಮೇಲಿನ ಅನುಮಾನ ಮಾತ್ರ ಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಹಳೇ ರೈಲು ನಿಲ್ದಾಣದಲ್ಲಿ ತಂಡದ ಪ್ರದರ್ಶನ. ಖಾಕಿ ತೊಟ್ಟ ಗಂಡಸರು ಸಾಲಾಗಿ ನಿಂತಿದ್ದರು. ನಾಯಕ ಬರ್ನಾರ್ಡ್ ಕೂಗಿದ್ದೇ ತಡ, ಬೋಲ್ಟುಗಳೆಲ್ಲ ಒಟ್ಟಿಗೆ ಖಟಕ್ಕೆಂದವು. ಜನ ಚಪ್ಪಾಳೆ ತಟ್ಟಿದರು.

ಆಪಲ್‌ಗಾರ್ತ್ ಬರ್ನಾರ್ಡನನ್ನು ಪಕ್ಕಕ್ಕೆ ಕರೆದ. "ನಿಮ್ಮಲ್ಲಿ ಬೋಲ್ಟು ಅಲುಗದ ರೈಫಲ್ ಯಾರದ್ದಿತ್ತು?"

"ನಮ್ಮ ಕ್ಲೈವಂದು. ಅದಕ್ಕೇ ಕೊನೆಗೆ ಅವನನ್ನ ಸಾಲಿಂದ ತೆಗೆದು ಚಹಾ ಹಂಚೋಕೆ ಹಾಕಿದ್ದೆ. ಈ ವಾರ ಹೆಂಗೋ ಸರಿಮಾಡ್ಕೊಂಡು ಬಂದಿದಾನೆ, ಪುಣ್ಯಾತ್ಮ."

"ವೆಲ್ಡ್ ಮಾಡಿದ್ದು ಸರಿಯಾಗುತ್ತಾ?"

ಬರ್ನಾರ್ಡ್ ಸಾಲಿನ ಕೊನೆಯ ಕಡೆ ತಿರುಗಿ ನೋಡಿದ.

ಸಾಲಿನ ಕೊನೆಯಲ್ಲಿದ್ದ ಕ್ಲೈವ್ ರೌಂಟ್ರೀ, ಅಂಚೆ ಕಚೇರಿಯ ಐವತ್ತರ ಗುಮಾಸ್ತ, ಪೊಲೀಸರನ್ನು ಕಂಡೊಡನೆ ರೈಫಲನ್ನು ತಾನಾಗಿಯೇ ಚಾಚಿದ. ಮಂಗಳವಾರ ಎಡ್ಗರ್ ಪೈ ಬಿಸಿಮಾಡುತ್ತಿದ್ದಾಗ, ಉದ್ದ ಕೋಟಿನೊಳಗೆ ತಂದಿದ್ದ ತನ್ನದರೊಂದಿಗೆ ಬದಲಿಸಿದೆನೆಂದು ಒಪ್ಪಿಕೊಂಡ. ಮೂರೂ ಹತ್ತಕ್ಕೆ ದಸ್ತಗಿರಿಯಾಯಿತು. ಪೊಲೀಸ್ ಕಾರಿನಲ್ಲಿ ಇನ್‌ಸ್ಪೆಕ್ಟರ್ ಅವನ ಕಡೆ ತಿರುಗಿದ.

"ಕದ್ದುಮುಚ್ಚಿ ಮಾರಿದಾನೆ ಅಂತ ಎಡ್ಗರ್ ಮೇಲೆ ಕೇಸು ಬರ್ತಿತ್ತಲ್ರೀ, ಗೊತ್ತಿತ್ತಾ?"

"ಅಯ್ಯೋ, ಇಲ್ಲ ಸರ್! ಒಂದು ಕೊಟ್ಟೆ, ಒಂದು ತಗೊಂಡೆ, ಅಷ್ಟೇ ಅಂದ್ಕೊಂಡಿದ್ದೆ."

"ಗುಂಡು ಹಾರದ ಬಂದೂಕು. ಯಾಕೆ ಬೇಕಿತ್ತು?"

ಕ್ಲೈವ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಎಲ್ಲರ ಬೋಲ್ಟೂ ಖಟ್ ಅನ್ನೋವಾಗ, ನಾನೊಬ್ಬ ಬಾಯಲ್ಲಿ ಖಟ್ ಅಂತಿದ್ದೆ ಸರ್. ಮಕ್ಕಳು ನಗ್ತಿದ್ವು."

ಟೆಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಪಲ್‌ಗಾರ್ತ್‌ಗೂ ನಗು ಬರಬೇಕಿತ್ತು, ಬರಲಿಲ್ಲ.