ಉಲ್ಟಾ ತಿರುಗಿದ ಫ್ಯಾನು

ನಮ್ಮ ಮನೆಯ ಹಾಲ್‌ನಲ್ಲಿರುವ ಫ್ಯಾನಿಗೆ ಸ್ವಿಚ್ ಹಾಕಿದರೆ ಸಾಲದು, ಕೋಲನ್ನೂ ಕೊಡಬೇಕು. ಸ್ವಿಚ್ ಹಾಕಿದ ಕೂಡಲೇ ಅದು ಗುಂಯ್ ಎನ್ನುತ್ತದೆ, ಆದರೆ ರೆಕ್ಕೆ ಅಲ್ಲಾಡುವುದಿಲ್ಲ. ಆಗ ಅಪ್ಪ ಜೇಡರ ಬಲೆ ತೆಗೆಯುವ ಕೋಲಿನಿಂದ ಒಂದು ರೆಕ್ಕೆಯನ್ನು ಮೆಲ್ಲಗೆ ತಳ್ಳುತ್ತಾರೆ, ಫ್ಯಾನು ತಿರುಗತೊಡಗುತ್ತದೆ. ರಿಪೇರಿ ಮಾಡಿಸಿ ಎಂದರೆ, "ಓಡ್ತಾ ಇದೆಯಲ್ಲಮ್ಮ, ಇನ್ನೇನಾಗ್ಬೇಕು?" ಎನ್ನುವವರು ನಮ್ಮಪ್ಪ ತಿರುಮಲೇಶ. ಅಮ್ಮ ಹೋದ ಮೇಲೆ ಜಯನಗರದ ಈ ಮನೆಯಲ್ಲಿ ನಾವಿಬ್ಬರೇ.

ಇಂಥ ಮನೆಗೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಬೆಂಗಳೂರಿನದೇ ಆದ ಶ್ರೀನಗರದಿಂದ ಸುಮೇಧ ನನ್ನನ್ನು ನೋಡಲು ಬಂದ. ಜೊತೆಗೆ ಅವನ ತಾಯಿ ಚೂಡಾಮಣಿ.

ನಾನು ಹಂಸಾ, ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರ್. ನನಗೊಂದು ಚಾಳಿ ಇದೆ: ಏನು ಕಂಡರೂ "ಯಾಕೆ?" ಎನ್ನುತ್ತೇನೆ. ಪೇಷೆಂಟ್‌ಗಳು ಬಾಯಿ ತೆರೆದುಕೊಂಡಿರುತ್ತಾರೆ, ಬೇರೆ ದಾರಿಯಿಲ್ಲದೆ ಸಹಿಸಿಕೊಳ್ಳುತ್ತಾರೆ. ನೋಡಲು ಬಂದ ಹುಡುಗರಿಗೆ ಆ ಕರ್ಮವೇನು? "ಹುಡುಗಿ ಸ್ವಲ್ಪ ಮಾತು ಜಾಸ್ತಿ" ಎಂದು ಫೋನಿನಲ್ಲಿ ಉತ್ತರ ಬರುತ್ತಿತ್ತು. ಬಂದಾಗಲೆಲ್ಲ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಆ ಮುಖವನ್ನು ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ. ಅದಕ್ಕೇ ದೊಡ್ಡವರು "ಇಬ್ರೂ ಮಾತಾಡ್ಕೊಂಡು ಬನ್ನಿ" ಎಂದು ನಮ್ಮನ್ನು ಟೆರೇಸಿಗೆ ಕಳಿಸಿದ ಕೂಡಲೇ ವಿಷಯಕ್ಕೆ ಬಂದೆ.

"ನೋಡಿ, ನಾನು ಬೇಡ ಅಂತೀನಿ. ನೀವೂ ಬೇಡ ಅಂದ್ಬಿಡಿ. ಇಬ್ರೂ ಬೇಡ ಅಂದ್ರೆ ಯಾರಿಗೂ ಅವಮಾನ ಇಲ್ಲ."

ಅವನು ಒಣಗಲು ಹಾಕಿದ್ದ ಹಪ್ಪಳಗಳನ್ನು ನೋಡುತ್ತ, "ಸರಿ" ಎಂದ.

"ಪ್ರಾಮಿಸ್ಸಾ?"

"ಪ್ರಾಮಿಸ್."

ಇಷ್ಟು ಬೇಗ ಒಪ್ಪಿಕೊಂಡನಲ್ಲ ಎಂದು ಒಂಚೂರು ಉರಿಯಿತು. ನಾನೇ ಕೇಳಿದ್ದು ನಿಜ. ಆದರೂ ಉರಿಯಿತು.

ಕೆಳಗೆ ಬಂದು ಅಪ್ಪ ಮಾಡಿದ್ದ ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಫ್ಯಾನು ಎಂದಿನಂತೆ ಗುಂಯ್ ಎಂದಿತು. ಅಪ್ಪ ನಾಚಿಕೆಯಿಂದ ಕೋಲು ತರಲು ಎದ್ದರು.

"ಕೊಡಿ ಅಂಕಲ್, ನಾನು ತಳ್ತೀನಿ," ಎಂದು ಸುಮೇಧ ಕೋಲು ಇಸಿದುಕೊಂಡು ರೆಕ್ಕೆಗೆ ತಾಗಿಸಿದ. ತಿರುಗಿತು. ಎಲ್ಲರೂ ಉಸ್ಸೆಂದರು. ಸ್ವಲ್ಪ ಹೊತ್ತಿನಲ್ಲೇ ಚೂಡಾಮಣಿಯವರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಮೇಲೆ ನೋಡಿದರು. "ಅಲ್ಲಾ, ಫ್ಯಾನ್ ತಿರುಗ್ತಿದೆ, ಗಾಳಿ ಎಲ್ಹೋಯ್ತು?"

ನನಗೆ ನಗು ತಡೆಯಲಾಗಲಿಲ್ಲ. "ಉಲ್ಟಾ ತಳ್ಳಿದೀರ ರೀ. ಗಾಳಿಯೆಲ್ಲ ಮೇಲಕ್ಕೆ ಹೋಗ್ತಿದೆ."

ಬೇರೆ ಹುಡುಗನಾಗಿದ್ದರೆ ಮುಖ ಕೆಂಪು ಮಾಡಿಕೊಂಡು ಫ್ಯಾನನ್ನೇ ಬೈಯುತ್ತಿದ್ದ. ಇವನು ಕೋಲು ಹಿಡಿದುಕೊಂಡೇ ಮೇಲೆ ನೋಡುತ್ತ ನಿಂತ. ಕಣ್ಣು ಅಗಲವಾಯಿತು.

"ಇದು ಉಲ್ಟಾನೂ ತಿರುಗತ್ತಾ? ಯಾಕೆ?"

ಯಾಕೆ! ನನ್ನ ಮಾತು ಇನ್ನೊಬ್ಬರ ಬಾಯಲ್ಲಿ!

"ಗೊತ್ತಿಲ್ಲ," ಎಂದೆ.

"ನಂಗೂ ಗೊತ್ತಿಲ್ಲ!" ಎಂದ, ಲಾಟರಿ ಹೊಡೆದವನಂತೆ. ಅವನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಮೇಷ್ಟ್ರು, ಸೈನ್ಸನ್ನು ಹತ್ತನೇ ಕ್ಲಾಸಿಗೇ ಬಿಟ್ಟವನು. ಸ್ವಿಚ್ ಆರಿಸಿ, ನಿಲ್ಲುವವರೆಗೆ ಕಾದು, ಮತ್ತೆ ಹಾಕಿ, ಒಮ್ಮೆ ಈ ಕಡೆ ತಳ್ಳಿದ, ಒಮ್ಮೆ ಆ ಕಡೆ ತಳ್ಳಿದ. ಯಾವ ಕಡೆ ತಳ್ಳಿದರೂ ಆ ಕಡೆಗೇ ತಿರುಗಿತು. ಹಿರಿಯರು ಉಪ್ಪಿಟ್ಟಿನ ತಟ್ಟೆ ಹಿಡಿದು ನಮ್ಮಿಬ್ಬರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಅವನ ಕೂದಲ ಮೇಲೆ ಫ್ಯಾನಿನ ಧೂಳು ಉದುರಿತ್ತು, ಅದರ ಪರಿವೆಯೇ ಅವನಿಗಿರಲಿಲ್ಲ. ನನಗೆ ಅವನು ಇಷ್ಟವಾಗಿಬಿಟ್ಟ, ತುಂಬಾ ಇಷ್ಟವಾಗಿಬಿಟ್ಟ. ಈಗಷ್ಟೇ ಪ್ರಾಮಿಸ್ ಮಾಡಿಸಿಕೊಂಡಿದ್ದೆನಲ್ಲ! ಥೂ, ನನ್ನ ಬಾಯಿಗೆ ಬೀಗ ಹಾಕ.

ಹೊರಡುವಾಗ ಗೇಟಿನ ಹತ್ತಿರ ಅವನು ನನ್ನ ನಂಬರ್ ಕೇಳಿದ. "ಕಾರಣ ಸಿಕ್ಕಿದ್ರೆ ಹೇಳ್ತೀನಿ," ಎಂದ. "ಫ್ಯಾನಿಂದು," ಎಂದೂ ಸೇರಿಸಿದ.

ಮರುದಿನವೇ ಫೋನ್ ಬಂತು.

"ರೀ, ಸಿಕ್ತು! ತಂತಿ ಸುರುಳೀಲಿ ಕರೆಂಟ್ ಹರಿದ್ರೆ ಅದು ಅಯಸ್ಕಾಂತ ಆಗತ್ತೆ. ಆದ್ರೆ ಮನೆಗೆ ಬರೋ ಕರೆಂಟು ಒಂದೇ ದಿಕ್ಕಲ್ಲಿ ಹರಿಯಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ ಆಡ್ತಿರತ್ತೆ."

"ಅಂದ್ರೆ ಅಯಸ್ಕಾಂತದ ಉತ್ತರ ದಕ್ಷಿಣಾನೂ ಅದಲು ಬದಲಾಗ್ತಿರತ್ತೆ?"

"ಕರೆಕ್ಟ್! ಆದ್ರೆ ಅದು ಸುತ್ತು ಹೊಡೆಯಲ್ಲ, ನಿಂತಲ್ಲೇ ಆಡತ್ತೆ. ರೆಕ್ಕೆಗೆ ಬಲಕ್ಕೂ ಅಷ್ಟೇ ಎಳೆತ, ಎಡಕ್ಕೂ ಅಷ್ಟೇ. ಪಾಪ, ಯಾವ ಕಡೆ ಹೋಗತ್ತೆ? ಗುಂಯ್ ಅಂತ ನಿಲ್ಲತ್ತೆ. ಯಾರಾದ್ರೂ ಒಂಚೂರು ತಳ್ಳಿದ್ರೆ ಆ ಕಡೆಯ ಎಳೆತ ಗೆಲ್ಲತ್ತೆ."

"ಹಾಗಾದ್ರೆ ಒಳ್ಳೇ ಫ್ಯಾನನ್ನ ಯಾರು ತಳ್ತಾರೆ?"

"ಅಯ್ಯೋ, ಹೌದಲ್ವಾ! ನಾಳೆ ಹೇಳ್ತೀನಿ," ಎಂದು ಇಟ್ಟುಬಿಟ್ಟ. ನಾನು ಇಡೀ ದಿನ ಕ್ಲಿನಿಕ್ಕಿನಲ್ಲಿ ನಗುನಗುತ್ತ ಹಲ್ಲು ಕಿತ್ತೆ.

"ಇನ್ನೊಂದು ಸುರುಳಿ ಇರತ್ತಂತೆ," ಎಂದ ಮರುದಿನ. "ಅದಕ್ಕೆ ಕೆಪಾಸಿಟರ್ ಅಂತ ಒಂದು ಡಬ್ಬಿ. ಅದು ಈ ಸುರುಳಿಯ ಕರೆಂಟನ್ನ ಒಂಚೂರು ಮುಂಚೇನೇ ಕಳಿಸತ್ತೆ. ಮೊದಲು ಇದು ಎಳೆಯತ್ತೆ, ಹಿಂದೇನೇ ಅದು ಎಳೆಯತ್ತೆ. ಹೀಗೆ ಸರದಿ ಮೇಲೆ ಎಳೆದ್ರೆ ಅಯಸ್ಕಾಂತವೇ ಸುತ್ತು ಹೊಡೆದಂಗೆ. ಫ್ಯಾನು ಅದರ ಹಿಂದೆ ಓಡತ್ತೆ. ನಿಮ್ಮ ಮನೇದರಲ್ಲಿ ಆ ಡಬ್ಬಿ ಸತ್ತಿದೆ."

"ಮತ್ತೆ ತಿರುಗೋ ಭಾಗಕ್ಕೆ ಕರೆಂಟ್ ಎಲ್ಲಿಂದ? ವೈರ್ ಇದ್ರೆ ಸುತ್ಕೊಂಡು ಬಿಡಲ್ವಾ?"

"ವೈರೇ ಇಲ್ಲ ರೀ! ಪಕ್ಕದ ಅಯಸ್ಕಾಂತ ಬದಲಾಗ್ತಾ ಇದ್ರೆ ಸಾಕು, ತಿರುಗೋ ಲೋಹದಲ್ಲಿ ಕರೆಂಟ್ ತಾನಾಗೇ ಹುಟ್ಟತ್ತೆ."

"ಮುಟ್ಟದೇನೇ?"

"ಮುಟ್ಟದೇನೇ."

ಆಮೇಲೂ ಇಬ್ಬರೂ ಫೋನ್ ಇಡಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

ಇತ್ತ ಅಪ್ಪನ ಪಾಡು ಬೇರೆ. ನಮ್ಮಲ್ಲಿ ಹುಡುಗನ ಕಡೆಯವರೇ ಫೋನ್ ಮಾಡಿ ತಿಳಿಸಬೇಕು, ಹುಡುಗಿ ಕಡೆಯವರು ಬಾಯಿಬಿಟ್ಟು ಕೇಳಬಾರದು. ಅಪ್ಪ ತರಕಾರಿ ಹೆಚ್ಚುವಾಗಲೂ ಮೊಬೈಲನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಆ ಫೋನ್ ಬರಲೇ ಇಲ್ಲ. ನನಗೆ ಬರುವ ಫೋನಿನಲ್ಲೋ, ಸುಮೇಧ ಮಿಕ್ಸಿ, ಪಂಪು, ಮೆಟ್ರೋ ಎಂದು ಲೋಕದ ಮೋಟರನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ಮದುವೆಯ ಮಾತೊಂದನ್ನು ಮಾತ್ರ ಎತ್ತುತ್ತಿರಲಿಲ್ಲ.

ಶುಕ್ರವಾರ ಅವನ ದನಿ ಇಳಿದಿತ್ತು. "ಭಾನುವಾರ ಅರೆಕೆರೆಗೆ ಹೋಗ್ಬೇಕಂತೆ. ಹುಡುಗಿ ನೋಡಕ್ಕೆ."

"ನಮ್ಮ ವಿಷಯ ಅಮ್ಮನಿಗೆ ಏನ್ ಹೇಳಿದ್ರಿ?"

"ಇನ್ನೂ ಏನೂ ಹೇಳಿಲ್ಲ. ಇವನು ಬಾಯೇ ಬಿಡ್ತಿಲ್ಲ ಅಂತ ಅವರೇ ಬೇರೆ ಕಡೆ ಮಾತಾಡಿದಾರೆ."

"ಬೇಡ ಅನ್ನಕ್ಕೆ ಇಷ್ಟು ದಿನ ಬೇಕಾ?"

"ಅಲ್ಲ... ಅದು..." ಎಂದು ತಡವರಿಸಿದ. ನಾನು ಸಿಟ್ಟಿನಲ್ಲಿ ಫೋನ್ ಇಟ್ಟೆ. ಅವನ ಮೇಲೆ ಸಿಟ್ಟು, ಪ್ರಾಮಿಸ್ ಕೇಳಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಹಾಲ್‌ನಲ್ಲಿ ಅಪ್ಪ ಕೋಲು ಹುಡುಕುತ್ತಿದ್ದರು. ಫ್ಯಾನು ಗುಂಯ್ ಎನ್ನುತ್ತಲೇ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

ಶನಿವಾರ ಬೆಳಿಗ್ಗೆ ಹೇಳಿದೆ. "ಅಪ್ಪಾ, ಹೊರಡಿ. ಹುಡುಗನ್ನ ನೋಡ್ಕೊಂಡು ಬರೋಣ."

"ಅವತ್ತೇ ಬಂದು ಹೋದನಲ್ಲೇ!"

"ಅವತ್ತು ಅವರು ನನ್ನ ನೋಡಕ್ಕೆ ಬಂದಿದ್ರು. ಇವತ್ತು ನಾವು ಅವನನ್ನ ನೋಡಕ್ಕೆ ಹೋಗೋದು."

"ಎಲ್ಲಾದ್ರೂ ಉಂಟೇನಮ್ಮಾ? ನಗ್ತಾರೆ."

"ನಂಗೆ ಅವನು ಬೇಕು ಅಪ್ಪ."

ಅಪ್ಪ ನನ್ನ ಮುಖವನ್ನು ನೋಡಿದರು. ಎದ್ದು ಒಳಗೆ ಹೋಗಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು.

ಶ್ರೀನಗರದ ಮನೆಯ ಬಾಗಿಲು ತೆಗೆದ ಚೂಡಾಮಣಿಯವರ ಕೈಯಲ್ಲಿ ಬಿಡಿಸುತ್ತಿದ್ದ ಮೆಂತ್ಯ ಸೊಪ್ಪಿತ್ತು. "ಏನ್ ಸಾರ್, ಹೇಳ್ದೆ ಕೇಳ್ದೆ..."

ಅಪ್ಪ ಗಂಟಲು ಸರಿಮಾಡಿಕೊಂಡರು. "ಹುಡುಗನ್ನ ನೋಡೋಣ ಅಂತ ಬಂದ್ವಿ ಅಮ್ಮ."

ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ತುಟಿಯ ತುದಿಯಲ್ಲಿ ಸಣ್ಣದಾಗಿ ನಗು ಶುರುವಾಯಿತು. ಒಳಗೆ ತಿರುಗಿ ಕೂಗಿದರು: "ಸುಮೇಧಾ! ಕಾಫಿ ತಗೊಂಡು ಬಾರೋ, ನಿನ್ನ ನೋಡಕ್ಕೆ ಬಂದಿದಾರೆ. ಮೊದ್ಲು ಆ ಹರಕಲು ಬನಿಯನ್ ಬದಲಾಯಿಸ್ಕೋ!"

ಅವನು ತಲೆ ತಗ್ಗಿಸಿ ಟ್ರೇ ಹಿಡಿದು ಬಂದ. ಲೋಟಗಳು ಟಿಣಿಟಿಣಿ ಎನ್ನುತ್ತಿದ್ದವು.

"ಕಾಫಿ ನೀವೇ ಮಾಡಿದ್ರಾ?" ಎಂದೆ.

"ಡಿಕಾಕ್ಷನ್ ಅಮ್ಮಂದು. ಹಾಲು ಕಾಯಿಸಿದ್ದು ನಾನು."

"ಹಾಡು ಬರತ್ತಾ?"

"ಇಲ್ಲ." ಕಿವಿ ಕೆಂಪಾಗಿತ್ತು, ಆದರೆ ಕಣ್ಣು ನಗುತ್ತಿತ್ತು.

ಅಪ್ಪ ಗಂಭೀರವಾಗಿ, "ಇಬ್ರೂ ಮಾತಾಡ್ಕೊಂಡು ಬನ್ನಿ," ಎಂದರು.

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತೆವು. ಬರುವ ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಮಾತು ಮರೆತೇಹೋಗಿತ್ತು.

"ಆ ಪ್ರಾಮಿಸ್ ವಾಪಸ್ ಕೊಡಿ," ಎಂದೆ. "ನೀವಂದ್ರೆ ನಂಗೆ ಇಷ್ಟ. ಕೋಲು ಹಿಡ್ಕೊಂಡು ಯಾಕೆ ಅಂದ್ರಲ್ಲ, ಆಗ್ಲೇ ಇಷ್ಟ ಆಗಿದ್ರಿ."

"ಬೇಡ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ ಹಂಸಾ. ಬೇಕು ಅನ್ನೋಣ ಅಂದ್ರೆ ನಿಮಗೆ ಮಾತು ಕೊಟ್ಟಿದ್ದೆ. ಎರಡರ ಮಧ್ಯೆ ನಿಂತ್ಬಿಟ್ಟಿದ್ದೆ."

"ಗುಂಯ್ ಅಂತ."

"ಗುಂಯ್ ಅಂತ." ಜೇಬಿಗೆ ಕೈ ಹಾಕಿ ಒಂದು ಪುಟ್ಟ ಬಿಳಿ ಡಬ್ಬಿ ತೆಗೆದ. ಕೆಪಾಸಿಟರ್. "ಕಾರಣ ಗೊತ್ತಾದ ದಿನಾನೇ ತಂದಿದ್ದೆ. ಕೊಟ್ಬಿಟ್ರೆ ಫೋನ್ ಮಾಡಕ್ಕೆ ನೆಪ ಇರಲ್ಲ ಅಂತ ಇಟ್ಕೊಂಡೆ."

ನಾನು ಡಬ್ಬಿಯ ಜೊತೆ ಅವನ ಬೆರಳುಗಳನ್ನೂ ಹಿಡಿದುಕೊಂಡೆ. ಮುಟ್ಟದಿದ್ದರೂ ಸಾಕು ಎಂಬುದು ಫ್ಯಾನಿಗಿರಬಹುದು, ನನಗಲ್ಲ.

ಒಳಗೆ ಬಂದಾಗ ಅಪ್ಪ ನನ್ನ ಮುಖ ನೋಡಿದರು, ಎಲ್ಲ ಗೊತ್ತಾಯಿತು. ಆದರೂ ಎದ್ದು ನಿಂತು, ಶರ್ಟು ಎಳೆದುಕೊಂಡು, ಇಷ್ಟು ವರ್ಷ ಬೇರೆಯವರಿಂದ ಕೇಳಿಸಿಕೊಂಡಿದ್ದ ಮಾತನ್ನು ತಾವು ಹೇಳಿದರು: "ಸರಿ ಅಮ್ಮ. ಮನೆಗೆ ಹೋಗಿ ಯೋಚನೆ ಮಾಡಿ, ಫೋನ್ ಮಾಡಿ ತಿಳಿಸ್ತೀವಿ."

ಚೂಡಾಮಣಿಯವರು ಕೈ ಮುಗಿದರು. "ಕಾಯ್ತಿರ್ತೀವಿ ಸಾರ್."

ಗೇಟು ದಾಟಿದ್ದೆವೋ ಇಲ್ಲವೋ, ಅಪ್ಪನಿಗೆ ತಡೆಯಲಾಗಲಿಲ್ಲ. ಮೊಬೈಲ್ ತೆಗೆದು ಒತ್ತಿದರು. ಮನೆಯೊಳಗೆ ರಿಂಗ್ ಆಗುವುದು ರಸ್ತೆಗೇ ಕೇಳಿಸಿತು. ಕಿಟಕಿಯಲ್ಲಿ ಸುಮೇಧ ನಿಂತಿದ್ದ, ಕೂದಲು ಕೆದರಿಕೊಂಡು, ನನ್ನನ್ನೇ ನೋಡುತ್ತ.

"ಹಲೋ," ಎಂದರು ಅಪ್ಪ. "ನಾವು ಹುಡುಗಿ ಕಡೆಯವರು. ಹುಡುಗ ನಮಗೆ ಒಪ್ಪಿಗೆ ಅಮ್ಮ."